ದ್ರಾಕ್ಷಿ ಕಡಿಯಾಕ ಅಷ್ಟು ದೂರ

"ದ್ರಾಕ್ಷಿ ಕಡಿಯಾಕ ಅಷ್ಟು ದೂರ ಹೋಗಬೇಕಾಗಿತ್ತೇನವಾ? ಇಲ್ಲಿ ನಮ್ಮ ತೋಟಕ್ಕ ಆಳು ಸಿಗವಲ್ಲವು."

ಫೋನಿನಲ್ಲಿ ಅಪ್ಪ ಸಿಟ್ಟಿನಿಂದ ಹೇಳಿದ್ದಲ್ಲ, ನಗುತ್ತಲೇ ಹೇಳಿದ್ದು. ಆದರೂ ಆಸ್ಟ್ರೇಲಿಯಾದ ಮಿಲ್ಡುರಾ ಎಂಬ ಊರಿನ ಹಾಸ್ಟೆಲ್ಲಿನ ಹಿತ್ತಲಲ್ಲಿ, ತಗಡಿನ ನೆರಳಿಗೆ ಕೂತಿದ್ದ ನನಗೆ ಉತ್ತರ ಹೊಳೆಯಲಿಲ್ಲ. ವಿಜಯಪುರ ಜಿಲ್ಲೆಯ ತಿಕೋಟಾದ ಹತ್ತಿರ ನಮ್ಮದು ನಾಲ್ಕೆಕರೆ ಥಾಮ್ಸನ್, ಅಂದರೆ ಬೀಜವಿಲ್ಲದ ದ್ರಾಕ್ಷಿ ತಳಿ. ಬಿ.ಕಾಂ. ಮುಗಿಸಿ, ಬೆಂಗಳೂರಿನಲ್ಲಿ ನಾಲ್ಕು ವರ್ಷ ಲೆಕ್ಕ ಬರೆದು, ಕೊನೆಗೆ ನಾನು ಬಂದು ನಿಂತದ್ದು ಮತ್ತೊಂದು ದ್ರಾಕ್ಷಿ ತೋಟದಲ್ಲಿ.

ಒಂದು ವರ್ಷ ಸುತ್ತಾಡುತ್ತ ಕೆಲಸವನ್ನೂ ಮಾಡಬಹುದಾದ ಆಸ್ಟ್ರೇಲಿಯಾದ ವರ್ಕ್ ಅಂಡ್ ಹಾಲಿಡೇ ವೀಸಾ ನಮ್ಮ ದೇಶದವರಿಗೆ ಸಿಗತೊಡಗಿದ್ದು 2024ರಲ್ಲಿ. ವಯಸ್ಸು 18ರಿಂದ 30, ವರ್ಷಕ್ಕೆ 1,000 ಮಂದಿ, ಆಯ್ಕೆ ಚೀಟಿ ಎತ್ತಿ. ಅಕ್ಟೋಬರಿನಲ್ಲಿ 25 ಡಾಲರ್ ಕಟ್ಟಿ ಹೆಸರು ಹಾಕಿದ್ದೆ. ಹೆಸರು ಬಂದೀತೆಂಬ ಖಾತ್ರಿ ಇರಲಿಲ್ಲವಾದ್ದರಿಂದ ಮನೆಯಲ್ಲಿ ಹೇಳಿರಲೇ ಇಲ್ಲ. ಬಂದ ಮೇಲೆ 650 ಡಾಲರ್ ವೀಸಾ ಶುಲ್ಕ, ಖಾತೆಯಲ್ಲಿ 5,000 ಡಾಲರ್ ತೋರಿಸುವ ತಾಪತ್ರಯ. ಅಣ್ಣ ಒಂದಷ್ಟು ಕೊಟ್ಟ, ಉಳಿದದ್ದು ನನ್ನ ಉಳಿತಾಯ.

ಮೆಲ್ಬರ್ನ್ ಬಗ್ಗೆ ಹೆಚ್ಚು ಹೇಳುವುದಿಲ್ಲ. ಹತ್ತು ದಿನ ಎಂಟು ಮಂಚದ ಕೋಣೆಯಲ್ಲಿ ಮಲಗಿದೆ, ಬ್ಯಾಂಕ್ ಖಾತೆ ತೆರೆದೆ, ತೆರಿಗೆ ನಂಬರಿಗೆ ಅರ್ಜಿ ಹಾಕಿದೆ, ದುಡ್ಡಿಲ್ಲದೆ ಓಡಾಡಬಹುದಾದ ನಡುಪೇಟೆಯ ಟ್ರಾಮಿನಲ್ಲಿ ಸುಮ್ಮನೆ ಸುತ್ತಿದೆ. ಅವ್ವ ಕಟ್ಟಿಕೊಟ್ಟ ಶೇಂಗಾ ಹಿಂಡಿಯನ್ನು, ಅಂದರೆ ಚಟ್ನಿಪುಡಿಯನ್ನು, ಬಂದಿಳಿದ ದಿನ ವಿಮಾನ ನಿಲ್ದಾಣದಲ್ಲಿ ತುಂಬಿಕೊಡುವ ಕಾರ್ಡಿನಲ್ಲಿ ಬರೆದು ತೋರಿಸಿದ್ದೆ. ಅಧಿಕಾರಿ ಪೊಟ್ಟಣ ಮೂಸಿ, ಸೀನಿ, ವಾಪಸು ಕೊಟ್ಟಳು. ಮೊದಲ ವಾರ ಆ ಹಿಂಡಿ, ಬ್ರೆಡ್ಡು, ಮೊಸರು ಇಷ್ಟೇ ಊಟ. ಹಿಂಡಿಗೆ ಬ್ರೆಡ್ಡು ಜೋಡಿಯಲ್ಲ, ಅದು ಬೇರೆ ಮಾತು.

ಎರಡನೇ ವರ್ಷದ ವೀಸಾ ಬೇಕಾದರೆ ದೊಡ್ಡ ನಗರಗಳ ಹೊರಗಿನ ಜಿಲ್ಲೆಗಳಲ್ಲಿ 88 ದಿನ ಹೊಲದ ಕೆಲಸದಂಥ, ಸರ್ಕಾರ ಗೊತ್ತುಮಾಡಿದ ಕೆಲಸ ಮಾಡಿರಬೇಕು. ಹಾಗಾಗಿ ಮಿಲ್ಡುರಾ. ಮೆಲ್ಬರ್ನಿನ ಸದರ್ನ್ ಕ್ರಾಸ್ ನಿಲ್ದಾಣದಿಂದ ಸ್ವಾನ್ ಹಿಲ್‌ವರೆಗೆ ರೈಲು, ಅಲ್ಲಿಂದ ಬಸ್ಸು, ಐನೂರು ಕಿಲೋಮೀಟರಿಗೂ ಮೇಲೆ. ವಿಕ್ಟೋರಿಯಾ ರಾಜ್ಯದಲ್ಲಿ ದಿನದ ಟಿಕೆಟ್ಟಿಗೆ ಮಿತಿ ಹಾಕಿರುವುದರಿಂದ ಕೊಟ್ಟದ್ದು ಬರೀ 11 ಡಾಲರ್. ಆ ದೇಶದಲ್ಲಿ ನನಗೆ ಅಗ್ಗ ಅನಿಸಿದ್ದು ಇದೊಂದೇ.

ದಾರಿಯುದ್ದ ಒಣಗಿದ ಬಯಲು, ಗೋದಿ ಕೊಯ್ದ ಕೂಳೆ. ವರ್ಷಕ್ಕೆ 300 ಮಿ.ಮೀ. ಮಳೆಯೂ ಬೀಳದ ನೆಲವದು. ಇದ್ದಕ್ಕಿದ್ದಂತೆ ಹಸಿರು ಶುರುವಾದರೆ ಮರ್ರೆ ನದಿ ಬಂತೆಂದು ಅರ್ಥ. 1887ರಲ್ಲಿ ಕೆನಡಾದ ಚಾಫೀ ಅಣ್ಣತಮ್ಮಂದಿರು ಈ ನದಿಯಿಂದ ಪಂಪಿನಲ್ಲಿ ನೀರೆತ್ತಿ ಊರು ಕಟ್ಟಿದರಂತೆ. ಬೋರ್‌ವೆಲ್ ನಂಬಿ ತೋಟ ಮಾಡಿದವರ ಮಗಳಿಗೆ ಆ ಕತೆ ಬೇಗ ಅರ್ಥವಾಯಿತು.

ಹಾಸ್ಟೆಲ್ಲಿನವರು "ಸೋಮವಾರವೇ ಕೆಲಸ" ಅಂದಿದ್ದರು. ಎರಡು ವಾರದ ಬಾಡಿಗೆ ಮುಂಗಡ ತೆಗೆದುಕೊಂಡರು. ಒಂಬತ್ತು ದಿನ ಕೆಲಸವಿಲ್ಲ. ಕೇಳಿದರೆ "ನಾಳೆ, ನಾಳೆ". ವಿಕ್ಟೋರಿಯಾದಲ್ಲಿ ಕೂಲಿಯಾಳು ಒದಗಿಸುವವರಿಗೆ ಲೈಸೆನ್ಸ್ ಇರಬೇಕು, ಅದರ ಪಟ್ಟಿಯನ್ನು ಯಾರು ಬೇಕಾದರೂ ಆನ್‌ಲೈನಿನಲ್ಲಿ ನೋಡಬಹುದು. ಪಕ್ಕದ ಮಂಚದ ತೈವಾನಿನ ಹುಡುಗಿ ಇದನ್ನು ಹೇಳಿದ ಮೇಲೆ ಹುಡುಕಿದೆ. ನಮ್ಮನ್ನು ಕೆಲಸಕ್ಕೆ ಕಳಿಸಬೇಕಾಗಿದ್ದ ಗುತ್ತಿಗೆದಾರನ ಹೆಸರು ಅದರಲ್ಲಿರಲಿಲ್ಲ. ಇಬ್ಬರೂ ಸೈಕಲ್ ಹತ್ತಿ ತೋಟದಿಂದ ತೋಟಕ್ಕೆ ಹೋಗಿ ಕೇಳಿದೆವು. ನಾಲ್ಕನೆಯ ಗೇಟಿನಲ್ಲಿ ಇಟಲಿ ಮೂಲದ ಮುದುಕರೊಬ್ಬರು ನಿಂತಿದ್ದರು.

ಅವರು ನನ್ನ ಕೈಗೆ ಕತ್ತರಿ ಕೊಟ್ಟು ಒಂದು ಗೊನೆ ತೋರಿಸಿದರು. ನಾನು ತೊಟ್ಟು ಹಿಡಿದು ಕತ್ತರಿಸಿ, ಕಾಳಿಗೆ ಬೆರಳು ತಾಗಿಸದೆ, ಒಡೆದ ಎರಡು ಕಾಳು ಚಿವುಟಿ, ಮೆಲ್ಲಗೆ ಡಬ್ಬಿಗಿಳಿಸಿದೆ. ಕಾಳಿನ ಮೇಲಿನ ಬಿಳಿ ಪುಡಿ ಹಾಗೇ ಇತ್ತು. "ಪುಡಿ ಅಳಸಬ್ಯಾಡ" ಎಂದು ಅಪ್ಪ ಆಳುಗಳಿಗೆ ಹೇಳುವುದನ್ನು ಚಿಕ್ಕಂದಿನಿಂದ ಕೇಳಿದ್ದೇನೆ. ಮುದುಕರು ಹುಬ್ಬೇರಿಸಿ, ಎಲ್ಲಿಯವಳೆಂದು ಕೇಳಿದರು. ಹೇಳಿದೆ. ಅವರು ಸುಲ್ತಾನಾ ಅನ್ನುವ ತಳಿ ನಮ್ಮ ಥಾಮ್ಸನ್ನೇ ಎಂದಾಗ ತೋಟದ ಮೂಲೆಗೆ ಕರೆದುಕೊಂಡು ಹೋದರು.

ಅಲ್ಲಿ ನಮ್ಮ ಕಡೆಯಂಥದೇ ಮಣೂಕ ಶೆಡ್ಡು, ಒಣದ್ರಾಕ್ಷಿ ಮಾಡುವ ಮಾಡು! ತಗಡಿನ ಮಾಡು, ಒಂದರ ಮೇಲೊಂದು ತಂತಿ ಬಲೆಯ ಅಂಕಣ. ಬಲೆಯಲ್ಲಿ ಈಗ ಜೇಡ ಮಾತ್ರ. ಈಗೀಗ ಎಣ್ಣೆ, ಪೊಟ್ಯಾಸಿಯಂ ಕಾರ್ಬೊನೇಟ್ ಕಲಸಿದ ನೀರನ್ನು ಬಳ್ಳಿಗೇ ಹೊಡೆದು, ಗೊನೆಯ ಕಡ್ಡಿ ಕತ್ತರಿಸಿ ಅಲ್ಲೇ ಒಣಗಲು ಬಿಡುತ್ತಾರೆ, ಮಿಷನ್ ಬಂದು ಉದುರಿಸಿಕೊಂಡು ಹೋಗುತ್ತದೆ. ನಾವು ಡಿಪ್ಪಿಂಗ್ ಆಯಿಲ್ ಅಂತ ಅದ್ದುವುದು ಅದೇ ಮಸಾಲೆ.

ಎರಡು ಅರ್ಧಗೋಳದ ಎರಡು ಊರು, ಆದರೆ ಕಟಾವು ಎರಡೂ ಕಡೆ ಫೆಬ್ರವರಿಯಿಂದ ಏಪ್ರಿಲ್. ನಾವು ಅಕ್ಟೋಬರಿನಲ್ಲಿ ಚಾಟ್ನಿ ಮಾಡಿ, ಅಂದರೆ ಕಡ್ಡಿ ಸವರಿ, ಬಳ್ಳಿಯನ್ನು ಆ ಲೆಕ್ಕಕ್ಕೆ ತರುತ್ತೇವೆ, ಅಲ್ಲಿ ಋತುವೇ ತರುತ್ತದೆ.

ಗಂಟೆಗೆ ಆಗ ಸುಮಾರು 30 ಡಾಲರ್ ಕೂಲಿ, ನೂರಕ್ಕೆ 15 ತೆರಿಗೆ. ಮಾಲೀಕರು ಪಿಂಚಣಿಗೆಂದು ಬೇರೆ ಕಟ್ಟುತ್ತಾರೆ, ನಾವು ದೇಶ ಬಿಡುವಾಗ ತೆಗೆದರೆ ಅದರಲ್ಲಿ ನೂರಕ್ಕೆ 65ನ್ನು ಸರ್ಕಾರ ಮುರಿದುಕೊಳ್ಳುತ್ತದೆ. ಲೆಕ್ಕ ಗೊತ್ತಿದ್ದರೆ ಹೊಟ್ಟೆಯುರಿ ಜಾಸ್ತಿ.

ನಮ್ಮ ತೋಟದಲ್ಲಿ ನಾನು ಗೊನೆ ಕತ್ತರಿಸಿದವಳಲ್ಲ. ಬದುವಿನ ಮೇಲೆ ಕೂತು ಹಾಜರಿ ಪುಸ್ತಕ ಬರೆದವಳು. ಇಲ್ಲಿ ಟಾಂಗಾ ಎಂಬ ದ್ವೀಪದೇಶದಿಂದ ಬಂದ ಹೆಂಗಸರು ನಾನು ಒಂದು ಸಾಲು ಮುಗಿಸುವಷ್ಟರಲ್ಲಿ ಎರಡು ಮುಗಿಸುತ್ತಿದ್ದರು. ಮೂರನೆಯ ದಿನ ಹೆಬ್ಬೆರಳ ಬುಡ ಊದಿತು, ಕತ್ತರಿ ಹಿಡಿಯಲಾಗಲಿಲ್ಲ. ಹತ್ತು ನಿಮಿಷದ ಚಹಾ ವಿರಾಮಕ್ಕೆ ಅಲ್ಲಿ ಸ್ಮೋಕೋ ಅನ್ನುತ್ತಾರೆ. ಆ ಹೊತ್ತಿನಲ್ಲಿ ಅವರಲ್ಲೊಬ್ಬಳು ನನ್ನ ಹೆಬ್ಬೆರಳಿಗೆ ಬಟ್ಟೆ ಪಟ್ಟಿ ಸುತ್ತಿಕೊಟ್ಟಳು.

ಮಧ್ಯಾಹ್ನ ಎರಡಕ್ಕೆ ಕೆಲಸ ಬಿಟ್ಟಾಗ ಊರಲ್ಲಿ ಬೆಳಗಿನ ಎಂಟೂವರೆ. ಅಪ್ಪ ತೋಟದಲ್ಲೇ ಇದ್ದರು. ಫೋನನ್ನು ಆಯಿಗೆ ಕೊಡಲು ಹೇಳಿದೆ. ಇಪ್ಪತ್ತು ವರ್ಷದಿಂದ ನಮ್ಮಲ್ಲಿ ದ್ರಾಕ್ಷಿ ಕಡಿಯುವವಳು, ನಮಗೆಲ್ಲ ಆಯಿಯೇ.

"ಆಯಿ, ಹೆಬ್ಬಟ್ಟು ಬಾತದ. ಏನ್ ಮಾಡ್ಲಿ?"

ಆಯಿ ಬಹಳ ಹೊತ್ತು ನಕ್ಕಳು. ಆಮೇಲೆ, "ಕತ್ರಿ ಗಟ್ಟಿ ಹಿಡಿಬ್ಯಾಡ ತಂಗಿ. ಗೊನಿ ಎಡಗೈಲೆ ಎತ್ತು, ಭಾರ ಇಳದ ಮ್ಯಾಲ ಕಡಿ" ಅಂದಳು.

ಮರುದಿನ ಎಡಗೈಲೆ ಎತ್ತಿದೆ. ಹನ್ನೊಂದಕ್ಕೆ ಒಂದು ಸಾಲು ಮುಗಿದಿತ್ತು.