ಬಳ್ಳಾರಿಯಿಂದ ವಿಶ್ವೇಶ್ವರಯ್ಯ ವಸ್ತುಸಂಗ್ರಹಾಲಯಕ್ಕೆ: ಹೊರಡುವ ಮುನ್ನದ ಲೆಕ್ಕಾಚಾರ

ಈ ಸಲದ ದಸರಾ ರಜೆಯಲ್ಲಿ ಬೆಂಗಳೂರಿನ ಕಸ್ತೂರಬಾ ರಸ್ತೆಯಲ್ಲಿರುವ ವಿಶ್ವೇಶ್ವರಯ್ಯ ಕೈಗಾರಿಕಾ ಮತ್ತು ತಾಂತ್ರಿಕ ವಸ್ತುಸಂಗ್ರಹಾಲಯಕ್ಕೆ ಮನೆಮಂದಿಯೆಲ್ಲ ಹೋಗಿಬರುವುದೆಂದು ತೀರ್ಮಾನವಾಗಿದೆ. ನಾನು, ನಮ್ಮ ಮನೆಯವರು, ಎಂಟನೆಯ ತರಗತಿಯ ಮಗಳು, ಮೂರನೆಯ ತರಗತಿಯ ಮಗ, ಎಪ್ಪತ್ತು ದಾಟಿದ ನಮ್ಮ ಅತ್ತೆಯವರು, ಹೀಗೆ ವಯಸ್ಸಿಗೂ ಆಸಕ್ತಿಗೂ ಹೊಂದಾಣಿಕೆಯೇ ಇಲ್ಲದ ತಂಡ ನಮ್ಮದು. ಹಂಪಿಗೋ ಮಂತ್ರಾಲಯಕ್ಕೋ ಹೊರಡುವುದಾದರೆ ನಮ್ಮ ಕಡೆಯವರು ಯೋಜನೆ ಹಾಕುತ್ತ ಕೂರುವುದಿಲ್ಲ. ಬುತ್ತಿ ಕಟ್ಟಿಕೊಂಡು ಬೆಳಿಗ್ಗೆ ಎದ್ದು ಹೊರಟುಬಿಡುತ್ತಾರೆ. ಅಲ್ಲಿ ಕಣ್ಣಿಗೆ ಕೆಲಸ, ಕಾಲಿಗೆ ಕೆಲಸ. ಆದರೆ ತಿರುಗಿಸಿ, ಎಳೆದು, ಒತ್ತಿ, ಮೇಲೆ ಕುಳಿತು ತಿಳಿಯಬೇಕಾದ ವಸ್ತುಗಳಿರುವ ಜಾಗಕ್ಕೆ ಹೋಗುವಾಗ ಸಮಯದ ಲೆಕ್ಕವೇ ಬೇರೆಯಾಗುತ್ತದೆ. ಈ ಬರಹದ ಉದ್ದೇಶ ಆ ಲೆಕ್ಕವನ್ನು ನಾವು ಹೇಗೆ ಹಾಕಿದೆವೆಂಬುದನ್ನು ವಿವರವಾಗಿ ಹೇಳುವುದು.

ಮನೆಯವರ ಮೊದಲ ಪಟ್ಟಿಯಲ್ಲಿ ವಸ್ತುಸಂಗ್ರಹಾಲಯಕ್ಕೆ ಎರಡು ಗಂಟೆ, ಲಾಲ್‌ಬಾಗಿಗೆ ಎರಡು ಗಂಟೆ, ನಡುವೆ ವಿಧಾನಸೌಧದ ಮುಂದೆ ಫೋಟೋ, ಸಂಜೆಗೆ ಒಂದು ಮಾಲ್ ಇದ್ದವು. "ಅಷ್ಟು ದೂರ ಹೋಗಿ ಬರೀ ಒಂದು ಕಟ್ಟಡ ನೋಡಿಕೊಂಡು ಬರೋದೇನು?" ಎಂಬುದು ಅವರ ವಾದ. ನನ್ನ ಉತ್ತರ ಇಷ್ಟೇ ಆಗಿತ್ತು: ಮಗು ಒಂದು ಹಿಡಿಕೆಯನ್ನು ಮೊದಲ ಸಲ ತಿರುಗಿಸಿದಾಗ ಅದಕ್ಕೆ ಸಿಗುವುದು ಬರೀ ಮೋಜು. ಎರಡನೆಯ ಸಲ ತಿರುಗಿಸುವಾಗ ಏನೋ ಒಂದು ಬದಲಾವಣೆ ಕಣ್ಣಿಗೆ ಬೀಳುತ್ತದೆ, ಮೂರನೆಯ ಸಲಕ್ಕೆ ಪ್ರಶ್ನೆ ಹುಟ್ಟುತ್ತದೆ. ಹಿಂದೆ ಸರದಿಯಲ್ಲಿ ನಿಂತವರು ಅವಸರಪಡಿಸಿದಾಗ, ಅಥವಾ ನಾವೇ "ನಡಿ, ಇನ್ನೂ ಬಹಳ ಇದೆ" ಎಂದು ಕೈಹಿಡಿದು ಎಳೆದಾಗ, ಮಗು ಮೊದಲ ಸಲದ ಮೋಜಿನಲ್ಲೇ ಉಳಿದುಬಿಡುತ್ತದೆ. ಆದ್ದರಿಂದ ದಿನವಿಡೀ ಒಂದೇ ಕಟ್ಟಡ, ಅದರಲ್ಲೂ ಮೂರೇ ವಿಭಾಗಗಳು ಎಂದು ನಾನು ಹಟ ಹಿಡಿದೆ. ಮಾಲ್ ಪಟ್ಟಿಯಿಂದ ಹೋಯಿತು. ಅದಕ್ಕೆ ಯಾರೂ ವಿಶೇಷವಾಗಿ ದುಃಖಪಡಲಿಲ್ಲ.

ಬೆಂಗಳೂರೇ ಏಕೆ ಎಂಬ ಪ್ರಶ್ನೆಯೂ ನ್ಯಾಯವಾದುದೇ. ರಾಷ್ಟ್ರೀಯ ವಿಜ್ಞಾನ ವಸ್ತುಸಂಗ್ರಹಾಲಯಗಳ ಮಂಡಳಿಯ ಜಿಲ್ಲಾ ವಿಜ್ಞಾನ ಕೇಂದ್ರ ಕಲಬುರಗಿಯಲ್ಲಿದೆ; ರಾಯಚೂರಿನವರಿಗೆ ಅದು ಬೆಂಗಳೂರಿಗಿಂತ ಎಷ್ಟೋ ಹತ್ತಿರ. ಧಾರವಾಡದಲ್ಲಿ ಕರ್ನಾಟಕ ವಿಶ್ವವಿದ್ಯಾಲಯದ ಆವರಣದಲ್ಲೇ ಪ್ರಾದೇಶಿಕ ವಿಜ್ಞಾನ ಕೇಂದ್ರವಿದ್ದು, ಬಳ್ಳಾರಿ, ಹೊಸಪೇಟೆ, ಕೊಪ್ಪಳದವರು ಹುಬ್ಬಳ್ಳಿ ಮಾರ್ಗವಾಗಿ ಅಲ್ಲಿಗೆ ಸುಲಭವಾಗಿ ಹೋಗಬಹುದು. ಮನೆಯಲ್ಲಿ ಹತ್ತು ವರ್ಷದೊಳಗಿನ ಮಕ್ಕಳಷ್ಟೇ ಇದ್ದರೆ ನಾನು ಧಾರವಾಡವನ್ನೇ ಆರಿಸುತ್ತಿದ್ದೆ; ರಾತ್ರಿ ರೈಲಿನ ದಣಿವಿಲ್ಲದ ಮಗು ಹೆಚ್ಚು ಕಲಿಯುತ್ತದೆ. ಆದರೆ ಮಗಳಿಗೆ ಎಂಜಿನ್ನುಗಳ ಹುಚ್ಚು. ಅವಳಿಗೆ ಬೇಕಾದದ್ದು ಕೆಲಸ ಮಾಡಿದ ನಿಜವಾದ ಯಂತ್ರಗಳು, ಅವು ಬೆಂಗಳೂರಿನ ಸಂಗ್ರಹದಲ್ಲಿವೆ. ಕಟ್ಟಡದ ಹೊರಗೇ ಎಚ್‌ಎಎಲ್ ತಯಾರಿಸಿದ ಮಾರುತ್ ಯುದ್ಧವಿಮಾನ ನಿಂತಿದೆ. 1961ರಲ್ಲಿ ಮೊದಲ ಹಾರಾಟ ನಡೆಸಿದ ಈ ವಿಮಾನದ ವಿನ್ಯಾಸ ತಂಡವನ್ನು ಮುನ್ನಡೆಸಿದವರು ಜರ್ಮನಿಯ ಕುರ್ಟ್ ಟ್ಯಾಂಕ್.

ಸಂಸ್ಥೆಯ ಹಿನ್ನೆಲೆಯನ್ನೂ ಮಕ್ಕಳಿಗೆ ಹೇಳಿಟ್ಟಿದ್ದೇನೆ. 1962ರ ಏಪ್ರಿಲ್ 14ರಂದು ಸರ್ ಎಂ. ವಿಶ್ವೇಶ್ವರಯ್ಯನವರು ನೂರು ದಾಟಿದ ವಯಸ್ಸಿನಲ್ಲಿ ತೀರಿಕೊಂಡರು. ಅದೇ ವರ್ಷ ಜುಲೈ 14ರಂದು ಅವರ ಹೆಸರಿನ ಈ ಕಟ್ಟಡವನ್ನು ನೆಹರೂ ಉದ್ಘಾಟಿಸಿದರು. ಸಾರ್ವಜನಿಕರಿಗೆ ಮೊದಲು ತೆರೆದ ವಿಭಾಗ ವಿದ್ಯುತ್ತಿನದು, 1965ರಲ್ಲಿ. ಹಳ್ಳಿಹಳ್ಳಿಗೆ ಇನ್ನೂ ಕರೆಂಟು ಬಾರದಿದ್ದ ಕಾಲದಲ್ಲಿ ಮೊದಲ ವಿಷಯವಾಗಿ ವಿದ್ಯುತ್ತನ್ನೇ ಆರಿಸಿಕೊಂಡಿದ್ದು ನನಗೆ ಬಹಳ ಸರಿಯೆನಿಸುತ್ತದೆ.

ಇನ್ನು ನಮ್ಮ ಮೂರು ವಿಭಾಗಗಳ ಆಯ್ಕೆ. ಎಂಜಿನ್ ಸಭಾಂಗಣ, ವಿದ್ಯುತ್ ವಿಭಾಗ, ಮೋಜಿನ ವಿಜ್ಞಾನ, ಇವಿಷ್ಟೇ. ಬಾಹ್ಯಾಕಾಶ, ಜೈವಿಕ ತಂತ್ರಜ್ಞಾನ, ಎಲೆಕ್ಟ್ರಾನಿಕ್ಸ್ ವಿಭಾಗಗಳನ್ನು ಸದ್ಯಕ್ಕೆ ಬಿಟ್ಟಿದ್ದೇವೆ. ಮಗನ ಒತ್ತಾಯಕ್ಕೆ ಮಣಿದು, ಅಲುಗಾಡಿ ಗರ್ಜಿಸುವ ಡೈನೋಸಾರ್ ಮಾದರಿಗೆ ಮಾತ್ರ ವಿನಾಯಿತಿ ಕೊಟ್ಟಿದ್ದೇನೆ. ಬಳ್ಳಾರಿಯ ಮಕ್ಕಳು ದಿನವೂ ನೋಡುವ, ಆದರೆ ಒಳಹೊಕ್ಕು ನೋಡಲಾಗದ ಸಂಗತಿಗಳಿಗೆ ಈ ಮೂರು ವಿಭಾಗಗಳಲ್ಲಿ ಉತ್ತರ ಸಿಗಬೇಕೆಂಬುದೇ ಆಯ್ಕೆಯ ಹಿಂದಿನ ವಿಚಾರ. ಹಾಗಾಗಿ ಇಲ್ಲಿಂದಲೇ ಮೂರು ಪ್ರಶ್ನೆಗಳನ್ನು ಕಟ್ಟಿಕೊಂಡು ಹೋಗುತ್ತಿದ್ದೇವೆ.

ಮೊದಲನೆಯದು ಜೀನ್ಸ್ ಹೊಲಿಗೆಯದು. ನಮ್ಮ ಓಣಿಯ ಹಿಂದೆಯೇ ಹೊಲಿಗೆಯ ಘಟಕವೊಂದಿದೆ, ಬೆಳಗಿನಿಂದ ರಾತ್ರಿಯವರೆಗೆ ಯಂತ್ರಗಳ ಸದ್ದು ಕೇಳುತ್ತಲೇ ಇರುತ್ತದೆ. ಮೋಟಾರು ಸುತ್ತುತ್ತದೆ, ಸೂಜಿ ಮಾತ್ರ ಮೇಲೆ ಕೆಳಗೆ ಹೋಗುತ್ತದೆ. ಸುತ್ತುವ ಚಲನೆ ಏರಿಳಿಯುವ ಚಲನೆಯಾಗುವುದು ಎಲ್ಲಿ? ಎಂಜಿನ್ನಿನಲ್ಲಿ ಇದಕ್ಕೆ ತದ್ವಿರುದ್ಧವಾದ ಕೆಲಸ ನಡೆಯುತ್ತದೆ. ಉಗಿ ಅಥವಾ ಉರಿಯುವ ಅನಿಲ ಪಿಸ್ಟನ್ನನ್ನು ಹಿಂದೆ ಮುಂದೆ ತಳ್ಳುತ್ತದೆ, ಕ್ರ್ಯಾಂಕ್ ಅದನ್ನು ಸುತ್ತುವ ಚಲನೆಯಾಗಿಸುತ್ತದೆ. ಕತ್ತರಿಸಿ ಒಳಭಾಗ ಕಾಣುವಂತೆ ಮಾಡಿದ ಎಂಜಿನ್ನಿನ ಮುಂದೆ ನಿಂತಾಗ ಮಗಳು ಹುಡುಕಬೇಕಾದದ್ದು ಆ ಒಂದು ಭಾಗವನ್ನು. ಅದು ಸಿಕ್ಕರೆ, ಹೊಲಿಗೆ ಯಂತ್ರದಲ್ಲಿ ಅದರ ಜೋಡಿ ಎಲ್ಲಿದೆಯೆಂದು ಊರಿಗೆ ಬಂದ ಮೇಲೆ ಅವಳೇ ತೋರಿಸಬೇಕೆಂದು ಒಪ್ಪಂದವಾಗಿದೆ.

ಎರಡನೆಯದು ತುಂಗಭದ್ರೆಯ ಗೇಟು. 2024ರ ಆಗಸ್ಟ್ 10ರ ರಾತ್ರಿ ಅಣೆಕಟ್ಟಿನ 33 ಗೇಟುಗಳ ಪೈಕಿ 19ನೆಯದರ ಸರಪಳಿ ಕಡಿದು ಗೇಟು ಕೊಚ್ಚಿಹೋದಾಗ, ಕಾಲುವೆಯ ನೀರು ನಂಬಿದ ನಮ್ಮ ಕಡೆಯ ರೈತರ ಎದೆ ಹೇಗೆ ಹೊಡೆದುಕೊಂಡಿತೆಂಬುದನ್ನು ಇಲ್ಲಿನವರಿಗೆ ಹೇಳಬೇಕಾಗಿಲ್ಲ. ಮನೆಯಲ್ಲಿ ವಾರವಿಡೀ ಅದೇ ಮಾತು. ಹರಿಯುವ ನೀರಿನಲ್ಲೇ ತಾತ್ಕಾಲಿಕ ಗೇಟಿನ ಭಾಗಗಳನ್ನು ಒಂದೊಂದಾಗಿ ಇಳಿಸಿದ್ದನ್ನು ಮಕ್ಕಳು ಟಿವಿಯಲ್ಲಿ ಕಣ್ಣು ಮಿಟುಕಿಸದೆ ನೋಡಿದರು. ಅಂದಿನಿಂದ ಮಗಳ ಪ್ರಶ್ನೆ ಹಾಗೆಯೇ ಉಳಿದಿದೆ: ಸುಮಾರು 60 ಅಡಿ ಅಗಲ, 20 ಅಡಿ ಎತ್ತರದ ಉಕ್ಕಿನ ಗೇಟನ್ನು ಒಂದು ಸರಪಳಿ ಎತ್ತುವುದಾದರೂ ಹೇಗೆ? ಗೇಟಿನ ಭಾರಕ್ಕೆ ಎದುರಾಗಿ ಪ್ರತಿತೂಕ ಕಟ್ಟಿರುವುದರಿಂದ ಎತ್ತುವ ಯಂತ್ರಕ್ಕೆ ಪೂರ್ತಿ ಭಾರ ಬೀಳುವುದಿಲ್ಲ ಎಂದು ಬಾಯಲ್ಲಿ ಹೇಳಿದ್ದೇನೆ, ಆದರೆ ಅದು ಕೈಗೆ ತಿಳಿಯಬೇಕು. ವಿಜ್ಞಾನ ಕೇಂದ್ರಗಳಲ್ಲಿ ಸಾಮಾನ್ಯವಾಗಿ ಕುರ್ಚಿಯಲ್ಲಿ ಕುಳಿತು ಹಗ್ಗ ಎಳೆದು ತನ್ನನ್ನು ತಾನೇ ಮೇಲೆತ್ತಿಕೊಳ್ಳುವ ಒಂದು ಪ್ರದರ್ಶಿಕೆ ಇರುತ್ತದೆ. ಗಡಗಡಿಗಳ ಸಂಖ್ಯೆ ಹೆಚ್ಚಿದಷ್ಟೂ ಎಳೆಯುವ ಬಲ ಕಡಿಮೆಯಾಗುತ್ತದೆ, ಅದರ ಬದಲಿಗೆ ಎಳೆಯಬೇಕಾದ ಹಗ್ಗ ಉದ್ದವಾಗುತ್ತದೆ. ಬಾವಿಯಿಂದ ನೀರು ಸೇದಿ ಬೆಳೆದ ಅತ್ತೆಯವರಿಗೆ ಇದರ ವಿವರಣೆ ಬೇಕಿಲ್ಲ. ಮೊಮ್ಮಗಳಿಗೆ ಅಲ್ಲಿ ಹೇಳಿಕೊಡುವ ಕೆಲಸವನ್ನು ಅವರಿಗೇ ಒಪ್ಪಿಸಿದ್ದೇನೆ.

ಮೂರನೆಯದು ಕುಡಿತಿನಿಯದು, ನನಗೆ ಅತ್ಯಂತ ಪ್ರಿಯವಾದದ್ದೂ ಅದೇ. ಹೊಸಪೇಟೆಗೆ ಹೋಗುವಾಗಲೆಲ್ಲ ಮಗ ಕುಡಿತಿನಿಯಲ್ಲಿರುವ ಬಳ್ಳಾರಿ ಶಾಖೋತ್ಪನ್ನ ವಿದ್ಯುತ್ ಸ್ಥಾವರದ ಚಿಮಣಿಗಳನ್ನು ನೋಡಿ "ಅಲ್ಲಿ ಕರೆಂಟ್ ಸುಡ್ತಾರಾ?" ಎಂದು ಕೇಳುತ್ತಾನೆ. ಸುಡುವುದು ಕಲ್ಲಿದ್ದಲನ್ನು, ಆ ಶಾಖದಿಂದ ಹುಟ್ಟಿದ ಉಗಿ ಟರ್ಬೈನನ್ನು ತಿರುಗಿಸುತ್ತದೆ, ಟರ್ಬೈನು ಜನರೇಟರನ್ನು ತಿರುಗಿಸುತ್ತದೆ. ಕೈಯಿಂದ ತಿರುಗಿಸುವ ಜನರೇಟರಿನಲ್ಲಿಯೂ ನಡೆಯುವುದು ಆ ಕೊನೆಯ ಹಂತವೇ, ತಿರುಗಿಸುವ ಬಲ ಮಾತ್ರ ತೋಳಿನದು. ಇಲ್ಲಿ ಗಮನಿಸಬೇಕಾದ ಸೂಕ್ಷ್ಮವೊಂದಿದೆ. ದೀಪ ಜೋಡಿಸದಿದ್ದಾಗ ಹಿಡಿಕೆ ಹಗುರವಾಗಿ ತಿರುಗುತ್ತದೆ; ದೀಪ ಜೋಡಿಸಿದ ಕೂಡಲೇ ಭಾರವಾಗುತ್ತದೆ. ಹರಿಯತೊಡಗಿದ ವಿದ್ಯುತ್ತು ತನ್ನನ್ನು ಹುಟ್ಟಿಸಿದ ಚಲನೆಯನ್ನೇ ತಡೆಯುತ್ತದೆಂಬ ಲೆಂಜ್ ನಿಯಮ ಪುಸ್ತಕದಲ್ಲಿ ಓದಿದಾಗ ಒಣ ವಾಕ್ಯ, ತೋಳಿಗೆ ತಿಳಿದಾಗ ಮರೆಯಲಾಗದ ಅನುಭವ. ಮಗಳಿಗಾಗಿ ಒಂದು ಲೆಕ್ಕವನ್ನೂ ಬರೆದಿಟ್ಟಿದ್ದೇನೆ. ಕುಡಿತಿನಿ ಸ್ಥಾವರದ ಸಾಮರ್ಥ್ಯ 1,700 ಮೆಗಾವಾಟ್. ಒಬ್ಬ ಆರೋಗ್ಯವಂತ ಮನುಷ್ಯ ಪೆಡಲ್ ತುಳಿದು ಸತತವಾಗಿ 100 ವಾಟ್ ಕೊಡಬಲ್ಲನೆಂದುಕೊಂಡರೆ, ಆ ಸ್ಥಾವರದ ಬದಲಿಗೆ 1.7 ಕೋಟಿ ಜನ ಬಿಡುವಿಲ್ಲದೆ ತುಳಿಯುತ್ತಿರಬೇಕು. 2011ರ ಜನಗಣತಿಯಂತೆ ಕರ್ನಾಟಕದ ಜನಸಂಖ್ಯೆ ಸುಮಾರು 6.1 ಕೋಟಿ, ಅದರಲ್ಲಿ ಕಾಲು ಭಾಗಕ್ಕೂ ಹೆಚ್ಚು!

ಈ ಪ್ರಶ್ನೆಗಳಿಗೆ ಮನೆಯಲ್ಲಿಯೇ ಸ್ವಲ್ಪ ತಾಲೀಮು ನಡೆದಿದೆ. ಮುರಿದ ಆಟಿಕೆ ಕಾರಿನ ಮೋಟಾರಿಗೆ ಒಂದು ಚಿಕ್ಕ ಕೆಂಪು ಎಲ್‌ಇಡಿ ಜೋಡಿಸಿ, ಅದರ ಕಂಬಿಯನ್ನು ಜೋರಾಗಿ ತಿರುಗಿಸಿದರೆ ದೀಪ ಮಿನುಗುತ್ತದೆ. ವಿರುದ್ಧ ದಿಕ್ಕಿನಲ್ಲಿ ತಿರುಗಿಸಿದರೆ ಮಿನುಗುವುದಿಲ್ಲ. ಸಡಿಲವಾಗಿ ಕಟ್ಟಿದ ದಾರಕ್ಕೆ ಒಂದೇ ಉದ್ದದ ಎರಡು ಲೋಲಕಗಳನ್ನು ತೂಗಿಬಿಟ್ಟು ಒಂದನ್ನು ಮಾತ್ರ ತೂಗಿದರೆ, ಸ್ವಲ್ಪ ಹೊತ್ತಿನಲ್ಲಿ ಅದು ನಿಂತು ಇನ್ನೊಂದು ತೂಗತೊಡಗುತ್ತದೆ. ಇಷ್ಟು ಸಾಕು. ಇದಕ್ಕಿಂತ ಹೆಚ್ಚು ಪಾಠ ಮಾಡಿದರೆ ರಜೆ ಟ್ಯೂಷನ್ ಆಗಿಬಿಡುತ್ತದೆ.

ಮೋಜಿನ ವಿಜ್ಞಾನ ವಿಭಾಗಕ್ಕೆ ಮಾತ್ರ ಯಾವ ಪ್ರಶ್ನೆಯನ್ನೂ ಇಟ್ಟುಕೊಂಡಿಲ್ಲ. ಕೈಯಲ್ಲಿ ತೂಕ ಹಿಡಿದು ತಿರುಗುವ ಪೀಠದ ಮೇಲೆ ನಿಂತು ತೋಳುಗಳನ್ನು ಎದೆಗೆ ಎಳೆದುಕೊಂಡಾಗ ವೇಗ ಹೆಚ್ಚುವುದು, ಎದುರುಬದುರು ನಿಲ್ಲಿಸಿದ ಎರಡು ದೊಡ್ಡ ಬೋಗುಣಿಯಂಥ ತಟ್ಟೆಗಳ ನಡುವೆ ಪಿಸುಮಾತು ದೂರದವರ ಕಿವಿಗೆ ಸ್ಪಷ್ಟವಾಗಿ ತಲುಪುವುದು, ಗಾಳಿಯ ಧಾರೆಯಲ್ಲಿ ಚೆಂಡು ಬೀಳದೆ ತೇಲುವುದು, ಇಂಥವು ಇಂತಹ ಸಂಗ್ರಹಾಲಯಗಳಲ್ಲಿ ಸಾಮಾನ್ಯ. ಮಗನನ್ನು ಅಲ್ಲಿ ಅವನ ಪಾಡಿಗೆ ಬಿಡುವುದೆಂದು ನಿಶ್ಚಯಿಸಿದ್ದೇವೆ. ಒಂದೇ ವಸ್ತುವಿನ ಮುಂದೆ ಅರ್ಧ ತಾಸು ಕಳೆದರೂ ಅಡ್ಡಿಯಿಲ್ಲ. ಸಾವಿರಾರು ಕೈಗಳು ತಿರುಗಿಸುವ ವಸ್ತುಗಳಾದ್ದರಿಂದ ಕೆಲವು ಕೆಟ್ಟು ನಿಂತಿರುವುದೂ ಸಹಜ. ಆಗ ಯಾವ ಭಾಗ ಸವೆದಿರಬಹುದೆಂದು ಊಹಿಸುವುದೇ ಒಂದು ಆಟವಾಗುತ್ತದೆ.

ಪ್ರಯಾಣದ ವಿಷಯ ಚುಟುಕಾಗಿ ಹೇಳುತ್ತೇನೆ. ರಾತ್ರಿ ಬಳ್ಳಾರಿಯಲ್ಲಿ ಹಂಪಿ ಎಕ್ಸ್‌ಪ್ರೆಸ್ ಹತ್ತಿದರೆ ಗುಂತಕಲ್ ಮಾರ್ಗವಾಗಿ ಬೆಳಗಿನ ಹೊತ್ತಿಗೆ ಬೆಂಗಳೂರು. ಮುಂಗಡ ಕಾಯ್ದಿರಿಸುವ ಅವಧಿ 2024ರ ನವೆಂಬರಿನಿಂದ 120 ದಿನದ ಬದಲು 60 ದಿನ ಆಗಿರುವುದರಿಂದ, ದಸರಾ ದಿನಾಂಕಗಳಿಗೆ ಎರಡು ತಿಂಗಳ ಮುಂಚೆ ಸರಿಯಾಗಿ ಆ ಬೆಳಿಗ್ಗೆಯೇ ಟಿಕೆಟ್ ಮಾಡಬೇಕು. ಅತ್ತೆಯವರಿಗೆ ಕೆಳಗಿನ ಬರ್ತ್ ಸಿಗಲೇಬೇಕು. ನಿಲ್ದಾಣದಿಂದ ಮೆಟ್ರೊದ ನೇರಳೆ ಮಾರ್ಗದಲ್ಲಿ ಮೆಜೆಸ್ಟಿಕ್, ಸರ್ ಎಂ. ವಿಶ್ವೇಶ್ವರಯ್ಯ, ವಿಧಾನಸೌಧ ನಿಲ್ದಾಣಗಳನ್ನು ದಾಟಿದರೆ ಕಬ್ಬನ್ ಪಾರ್ಕ್. ವಿಧಾನಸೌಧವನ್ನು ನೆಲದಡಿಯಿಂದ ದಾಟಿದಂತಾಯಿತಲ್ಲ ಎಂದು ಮನೆಯವರನ್ನು ಸಮಾಧಾನಪಡಿಸಿದ್ದೇನೆ. ಸಂಗ್ರಹಾಲಯದ ಬಾಗಿಲು ತೆರೆಯುವುದು ಬೆಳಿಗ್ಗೆ 9:30ಕ್ಕೆ. ಅಲ್ಲಿಯವರೆಗಿನ ಹೊತ್ತಿನಲ್ಲಿ ಮುಖ ತೊಳೆದು, ತಿಂಡಿ ತಿಂದು, ಉದ್ಯಾನದ ಮರಗಳ ಕೆಳಗೆ ಅತ್ತೆಯವರು ಕಾಲು ಚಾಚಿ ಕುಳಿತುಕೊಳ್ಳಬಹುದು. ಬುತ್ತಿಗೆ ಖಡಕ್ ರೊಟ್ಟಿ, ಶೇಂಗಾ ಚಟ್ನಿಪುಡಿ ಇದ್ದೇ ಇರುತ್ತವೆ. ಚೀಲಗಳು ಮಾತ್ರ ನಿಲ್ದಾಣದ ಕ್ಲೋಕ್ ರೂಮಿನಲ್ಲೇ ಉಳಿಯಬೇಕು, ಎರಡೂ ಕೈ ಖಾಲಿಯಿಲ್ಲದವರಿಗೆ ಇಂಥ ಜಾಗದಲ್ಲಿ ಕೆಲಸವಿಲ್ಲ.

ವಾರದ ನಡುವಿನ ದಿನ ಆರಿಸುವುದು ಒಳ್ಳೆಯದು. ನವೆಂಬರಿನಿಂದ ಜನವರಿಯವರೆಗೆ ಶಾಲಾ ಪ್ರವಾಸಗಳ ಕಾಲ, ಆಗ ಒಂದೊಂದು ಹಿಡಿಕೆಗೂ ಒಂದೊಂದು ತರಗತಿಯೇ ಸಾಲುಗಟ್ಟಿರುತ್ತದೆ. ದೀಪಾವಳಿ ಮತ್ತು ಗಣೇಶ ಚತುರ್ಥಿಯಂದು ಬಾಗಿಲು ಮುಚ್ಚಿರುತ್ತದೆಂಬುದನ್ನೂ ನೆನಪಿಡಬೇಕು. ಮಧ್ಯಾಹ್ನ ಊಟದ ನಂತರ ಅತ್ತೆಯವರು ದಣಿದರೆ ಅವರೊಂದಿಗೆ ಕೂರುವ ಸರದಿ ಮೊದಲು ನನ್ನದು, ಆಮೇಲೆ ಮನೆಯವರದು. ಮಕ್ಕಳ ಜೊತೆ ಯಾವಾಗಲೂ ಒಬ್ಬ ದೊಡ್ಡವರು ಇರಬೇಕು, ಆದರೆ ಉತ್ತರ ಹೇಳಲು ಅವಸರಪಡಬಾರದು. ಈ ಕೊನೆಯ ಷರತ್ತು ಮನೆಯವರಿಗಾಗಿಯೇ ಹಾಕಿದ್ದು.

ರಾತ್ರಿ ಬಂಧುಗಳ ಮನೆಯಲ್ಲಿ ತಂಗಿ, ಮರುದಿನ ಜವಾಹರಲಾಲ್ ನೆಹರೂ ತಾರಾಲಯದ ಒಂದು ಪ್ರದರ್ಶನ ನೋಡುವ ಆಲೋಚನೆಯಿದೆ. ತಾರಾಲಯಕ್ಕೆ ಸೋಮವಾರ ರಜೆಯಾದ್ದರಿಂದ ಮಂಗಳವಾರ ರಾತ್ರಿ ಹೊರಟು, ಬುಧವಾರ ಸಂಗ್ರಹಾಲಯ, ಗುರುವಾರ ತಾರಾಲಯ, ಅಂದೇ ರಾತ್ರಿ ಹಿಂದಿರುಗುವ ರೈಲು ಎಂದು ಸದ್ಯಕ್ಕೆ ಗೊತ್ತುಮಾಡಿದ್ದೇವೆ. ಲಾಲ್‌ಬಾಗ್ ಇನ್ನೂ ಪಟ್ಟಿಯಲ್ಲಿದೆ. ಗುರುವಾರ ಮಧ್ಯಾಹ್ನ ಎಲ್ಲರ ಕಾಲಲ್ಲಿ ಶಕ್ತಿ ಉಳಿದಿದ್ದರೆ ಮಾತ್ರ.