ಕೈ ಸುಮ್ಮನಿರಲಿ

ಮಂಗಳವಾರ ಬೆಳಿಗ್ಗೆ, ಇಂಗ್ಲೆಂಡಿನಲ್ಲಿ ರೇಸು ಕುದುರೆ ಪಳಗಿಸುವ ಊರಾದ ಲ್ಯಾಂಬೋರ್ನ್‌ನ ಗುಡ್ಡದ ಮೇಲೆ ಆರು ವರ್ಷದ ಕಂದು ಕುದುರೆಯೊಂದು ಮೂರನೇ ಬೇಲಿಯ ಮುಂದೆ ತಬ್ಬಿಬ್ಬಾಯಿತು. ಮೊದಲೆರಡನ್ನು ಸಲೀಸಾಗಿ ದಾಟಿತ್ತು. ಮೂರನೆಯದಕ್ಕೆ ದೂರದಿಂದಲೇ ನೆಗೆಯಲು ಹೊರಟಿತು, ಮೇಲಿದ್ದ ಹುಡುಗ ಲಗಾಮು ಎಳೆದ. ಒಲ್ಲದ ಮನಸ್ಸಿನಿಂದ ಎದ್ದು, ಬೇಲಿಯ ಬರ್ಚ್ ಮರದ ಕಡ್ಡಿಗಳನ್ನು ಹೊಟ್ಟೆಯಲ್ಲಿ ಸವರಿಕೊಂಡು, ಇನ್ನೇನು ಮೂಗು ಮಣ್ಣಿಗೆ ತಾಗಿತು ಅನ್ನುವ ಹಾಗೆ ಇಳಿಯಿತು. ಬೀಳಲಿಲ್ಲ. ಟ್ರೈನರ್ ಬೈಯಲೂ ಇಲ್ಲ. "ನಿನ್ನ ಕೈ ಬಹಳ ಮಾತಾಡ್ತು. ಕೈ ಸುಮ್ಮನಿರಲಿ, ಲೆಕ್ಕ ಅದೇ ಹಾಕ್ಕೊಳ್ಳಲಿ," ಅಂದರು, ಅಷ್ಟೇ. ಬೇಲಿ ಹಾರುವ ಕುದುರೆಗಳ ದೊಡ್ಡ ರೇಸುಕೂಟವಾದ ಚೆಲ್ಟನ್‌ಹ್ಯಾಮ್ ಹಬ್ಬಕ್ಕೆ ಮೂರೇ ವಾರ ಉಳಿದಿರುವಾಗ ಇಷ್ಟು ತಣ್ಣಗೆ ಮಾತಾಡಲು ಎದೆ ಗಟ್ಟಿ ಇರಬೇಕು.

ಏನದು ಲೆಕ್ಕ? ನಾಗಾಲೋಟದಲ್ಲಿ ಕುದುರೆಯ ಒಂದು ದಾಪು ಆರೇಳು ಮೀಟರ್. ಬೇಲಿಗೆ ಎರಡು ಮೀಟರ್ ಚಿಲ್ಲರೆ ಇರುವಾಗ ಹಿಂಗಾಲು ಊರಿ ಏಳಬೇಕು. ಕಣ್ಣುಗಳು ತಲೆಯ ಪಕ್ಕಕ್ಕಿರುವುದರಿಂದ ಏಳುವ ಗಳಿಗೆಯಲ್ಲಿ ಎದುರಿಗಿರುವ ಬೇಲಿ ಅದಕ್ಕೆ ಕಾಣುವುದೇ ಇಲ್ಲ. ಮೂರು ದಾಪು ಮೊದಲೇ ತೀರ್ಮಾನವಾಗಬೇಕು: ಉದ್ದ ಚಾಚುವುದೋ, ಗಿಡ್ಡ ಹೆಜ್ಜೆಯೊಂದನ್ನು ತುರುಕುವುದೋ. ಆ ಹೊತ್ತಿಗೆ ಬಾಯಿ ಎಳೆದರೆ ತಲೆ ಮೇಲಕ್ಕೆ ಹೋಗುತ್ತದೆ, ನೋಟ ತಪ್ಪುತ್ತದೆ. ಹುಡುಗನ ಕೈ ಒಳ್ಳೆಯದೇ, ಆದರೆ ಅದರಲ್ಲಿ ಅಂಜಿಕೆ ಕೂತಿದೆ.

ಕಂದು ಕುದುರೆ ಕಳೆದ ವರ್ಷದವರೆಗೆ ಹರ್ಡಲ್ ಎಂಬ ಹಗುರ ತಡೆಗಳ ರೇಸು ಓಡಿದ್ದು. ಹರ್ಡಲ್ ಮೂರೂವರೆ ಅಡಿಯದು, ಓರೆಯಾಗಿ ನಿಲ್ಲಿಸಿರುತ್ತಾರೆ, ಕಾಲು ತಾಗಿದರೆ ವಾಲುತ್ತದೆ. ಈಗ ಓಡಬೇಕಾದ ಸ್ಟೀಪಲ್‌ಚೇಸ್ ರೇಸಿನ ಬೇಲಿ ಕಡಿಮೆಯೆಂದರೆ ನಾಲ್ಕೂವರೆ ಅಡಿ, ಒತ್ತಾಗಿ ತುಂಬಿದ ಕಡ್ಡಿ. ತುದಿ ಬಾಗೀತು, ಬುಡ ಬಾಗುವುದಿಲ್ಲ. ಹರ್ಡಲ್‌ನಲ್ಲಿ ಸೋಮಾರಿತನಕ್ಕೆ ದಂಡವಿರಲಿಲ್ಲ, ಇಲ್ಲಿದೆ. ಹೊಸ ಕುದುರೆಗಳ ಅರ್ಧ ಪಾಠ ಆ ಹಳೆಯ ರೂಢಿಯನ್ನು ಬಿಡಿಸುವುದೇ.

ಬಿಡಿಸುವುದು ಬೇಸಿಗೆ ಕಳೆಯುತ್ತಿದ್ದಂತೆಯೇ ಶುರುವಾಗಬೇಕು. ಮೊದಲು ನೆಲದ ಮೇಲೆ ಗಳು ಹಾಸಿ ಕುಕ್ಕುಲೋಟ. ಆಮೇಲೆ ಮರದ ದಿಮ್ಮಿ. ಆಮೇಲೆ ಸವಾರನೇ ಇಲ್ಲದೆ, ಸುತ್ತುಗಟ್ಟಿದ ಅಂಕಣದಲ್ಲಿ ಬಿಟ್ಟು ಹಾರಿಸುವುದು. ಸಮ ತಪ್ಪಿದರೆ ತಾನೇ ಎಡವಿ ತಾನೇ ತಿದ್ದಿಕೊಳ್ಳುತ್ತದೆ, ದೂರಲು ಬೆನ್ನ ಮೇಲೆ ಯಾರೂ ಇರುವುದಿಲ್ಲ. ಅದಾದ ಮೇಲೆ ಎರಡೂವರೆ ಅಡಿಯ ಮರಿಬೇಲಿ, ಪಕ್ಕದಲ್ಲಿ ಹತ್ತಾರು ರೇಸು ಕಂಡ ಮುದಿ ಕುದುರೆ. ಕೊನೆಗೆ ಸಾಲಾಗಿ ಮೂರು ಪೂರ್ತಿ ಬೇಲಿ, ಅದರಲ್ಲೊಂದಕ್ಕೆ ಮುಂದೆ ಹಳ್ಳ. ಒಂದು ಬೆಳಿಗ್ಗೆ ಆರೆಂಟು ಜಿಗಿತ ಸಾಕು. ಚೆನ್ನಾಗಿ ಹಾರಿತು, ಇನ್ನೊಂದು ಸಲ ನೋಡೋಣ ಅನ್ನುವ ಆಸೆಯಿದೆಯಲ್ಲ, ಕುದುರೆ ಕೆಡುವುದು ಅಲ್ಲೇ. ದಣಿದಾಗ ಕಲಿತ ತಪ್ಪು ಅದಕ್ಕೆ ಚೆನ್ನಾಗಿ ನೆನಪಿರುತ್ತದೆ.

ಇನ್ನು ಚೆಲ್ಟನ್‌ಹ್ಯಾಮ್. ಅಲ್ಲಿ ಸಮತಟ್ಟು ಜಾಗ ಹುಡುಕಬೇಕು. ಇಳಿಜಾರಿನಲ್ಲಿ ವೇಗ ತಾನಾಗಿ ಏರುತ್ತದೆ, ಭಾರವೆಲ್ಲ ಮುಂಗಾಲಿಗೆ ಬರುತ್ತದೆ, ಹಾಗಿರುವಾಗಲೇ ಬೇಲಿ ಎದುರಾಗುತ್ತದೆ. ಅಲ್ಲಿನ ಓಲ್ಡ್ ಕೋರ್ಸ್ ಎಂಬ ಟ್ರ್ಯಾಕ್‌ನಲ್ಲಿ ಕೊನೆಯಿಂದ ಎರಡನೇ ಬೇಲಿ ಇಳಿಜಾರಲ್ಲಿದ್ದು ಮತ್ತೆ ಮತ್ತೆ ಕುದುರೆಗಳು ಬೀಳುತ್ತಿದ್ದರಿಂದ 2010ರಲ್ಲಿ ಅದನ್ನು ನೇರ ಓಟದ ಜಾಗಕ್ಕೆ ತಂದರು. 2022ರಲ್ಲಿ ಬ್ರಿಟನ್‌ನವರು ಬೇಲಿಯ ಕಿತ್ತಳೆ ಪಟ್ಟಿಗಳನ್ನು ಬಿಳಿಗೆ ಬದಲಿಸಲು ತೊಡಗಿದ್ದೂ ಇಂಥದ್ದೇ ಕಾರಣಕ್ಕೆ. ಕುದುರೆಯ ಕಣ್ಣಿಗೆ ಕಿತ್ತಳೆ ಬೇರೆ, ಹಸಿರು ಬೇರೆ ಅಲ್ಲ. ಎಷ್ಟು ವರ್ಷ ನಮ್ಮ ಕಣ್ಣಿಗೆ ಚೆನ್ನಾಗಿ ಕಾಣುವ ಬಣ್ಣ ಬಳಿದು ಅದು ನೋಡಲಿಲ್ಲ ಎಂದು ದೂರಿದೆವೋ.

ಹಬ್ಬದಲ್ಲಿ ಹೊಸ ಕುದುರೆಗಳಿಗಿರುವ ರೇಸುಗಳಲ್ಲಿ ಮಾಲೀಕರಿಗೆ ಆರ್ಕಲ್ ಬೇಕು: ಎರಡು ಮೈಲಿ, 13 ಬೇಲಿ, ಉಸಿರು ಬಿಡಲು ಪುರುಸೊತ್ತಿಲ್ಲದ ವೇಗ. ಈ ಕುದುರೆಗೆ ಹೊಂದುವುದು ಮೂರು ಮೈಲಿಯ ಬ್ರೌನ್ ಅಡ್ವೈಸರಿ. ಬೇಲಿ 20 ಆದರೂ ಯೋಚಿಸಲು ಸಮಯ ಸಿಗುತ್ತದೆ. ಬೆನ್ನ ಮೇಲೆ 70 ಕಿಲೋಗೂ ಹೆಚ್ಚು ಹೊತ್ತು ಕೊನೆಯ ಏರು ಹತ್ತುವುದಂತೂ ಎರಡರಲ್ಲೂ ತಪ್ಪದು. ಹಣ ಹಾಕಿದವರಿಗೆ ಅವಸರ ಸಹಜ. ಆದರೆ ಅವರು ಫೋನಿನಲ್ಲಿ ಎಳೆಯುವುದೂ ಲಗಾಮೇ.

ಕೊನೆಯ ವಾರಗಳಲ್ಲಿ ಲಾಯದ ಕೆಲಸವೇ ಹೆಚ್ಚು. ದಾಣಿಯನ್ನು ಮೂರು ನಾಲ್ಕು ಪಾಲು ಮಾಡಿ ಕೊಡುತ್ತಾರೆ, ಒಂದು ಹೊತ್ತಿಗೆ ಎರಡು ಕಿಲೋ ದಾಟಿಸುವುದಿಲ್ಲ. ಕುದುರೆಯ ಗಾತ್ರಕ್ಕೆ ಹೊಟ್ಟೆ ಚಿಕ್ಕದು. ಬಿಡುವಿನ ದಿನ ದಾಣಿ ಇಳಿಸಲು ಮರೆತರೆ ಮಾರನೆಯ ದಿನ ಹಿಂಭಾಗದ ಮಾಂಸಖಂಡ ಬಿಗಿದು, ಬೆವರಿ, ನಿಂತಲ್ಲೇ ನಿಂತುಬಿಡುತ್ತದೆ. ಮೂತ್ರ ಕಾಫಿ ಬಣ್ಣಕ್ಕೆ ತಿರುಗುವುದೂ ಉಂಟು. ಭಾನುವಾರದ ರಜೆ ಮುಗಿಸಿ ಬರುವ ಈ ರೋಗಕ್ಕೆ ಸೋಮವಾರದ ಕಾಯಿಲೆ ಎಂದೇ ಹೆಸರು. ದಿನವೂ ಬೆಳಿಗ್ಗೆ, ಜೀನು ಬಿಗಿಯುವ ಮುಂಚೆ, ಮುಂಗಾಲಿನ ಹಿಂಬದಿಯ ಟೆಂಡನ್ (ಸ್ನಾಯುರಜ್ಜು) ಮೇಲೆ ಮೊಣಕಾಲಿಂದ ಕೆಳಕ್ಕೆ ಬರಿಗೈ ಆಡಿಸಬೇಕು. ಎರಡೂ ಕಾಲು ಮುಟ್ಟಿ ಹೋಲಿಸಬೇಕು. ಒಂದರಲ್ಲಿ ತುಸು ಬಿಸಿ, ಚೂರೇ ಉಬ್ಬು ಕಂಡರೂ ಆ ವರ್ಷದ ಹಬ್ಬ ಮುಗಿದ ಹಾಗೆಯೇ.

ಶುಕ್ರವಾರ ಅದೇ ಮೂರು ಬೇಲಿ, ಅದೇ ಹುಡುಗ. ಈ ಸಲ ಕುದುರೆಯ ಕತ್ತಿಗೊಂದು ತೊಗಲಿನ ಪಟ್ಟಿ, ಅದಕ್ಕೆ ಅವನು ಎರಡು ಬೆರಳು ಸಿಕ್ಕಿಸಿಕೊಂಡಿದ್ದ, ಎಳೆಯಬೇಕೆನಿಸಿದರೂ ಬಾಯಿಗೆ ತಾಗದಿರಲಿ ಎಂದು. ಮೂರನೆಯದಕ್ಕೆ ದೂರ ಮತ್ತೆ ಎಡವಟ್ಟಾಗಿಯೇ ಬಂತು. ಕುದುರೆ ಕಿವಿ ನಿಮಿರಿಸಿತು, ಒಂದು ಗಿಡ್ಡ ಹೆಜ್ಜೆ ತುರುಕಿತು, ಬೆನ್ನು ಕಮಾನು ಮಾಡಿ ಆಚೆಗಿಳಿಯಿತು. ಟ್ರೈನರ್ ಏನೂ ಅನ್ನಲಿಲ್ಲ. ಬಗ್ಗಿ ಎಡಗಾಲಿನ ಮೇಲೆ ಕೈಯಾಡಿಸಿದರು, ಆಮೇಲೆ ಬಲಗಾಲು, ಮತ್ತೆ ಎಡಗಾಲು. ಜೇಬಿನಲ್ಲಿ ಫೋನು ಬಡಿದುಕೊಳ್ಳುತ್ತಲೇ ಇತ್ತು.