ಕವಾಯಿ ದ್ವೀಪದ ಲಿಮಾಹುಲಿ ತೋಟ: ಹೋಗುವ ಮುಂಚೆ ಇಷ್ಟು ತಿಳಿದಿರಲಿ

ಹವಾಯಿಗೆ ಹೋದವರು ಹೆಚ್ಚಾಗಿ ಸಮುದ್ರ ನೋಡಿಕೊಂಡು ವಾಪಸು ಬರುತ್ತಾರೆ. ಕವಾಯಿ ದ್ವೀಪ ನಿಮ್ಮ ಪಟ್ಟಿಯಲ್ಲಿದ್ದರೆ ಅರ್ಧ ದಿನ ಲಿಮಾಹುಲಿ ತೋಟಕ್ಕೆ ಎತ್ತಿಡಿ. ಆದರೆ ಲಾಲ್‌ಬಾಗಿನ ಫಲಪುಷ್ಪ ಪ್ರದರ್ಶನ ಮನಸ್ಸಲ್ಲಿ ಇಟ್ಟುಕೊಂಡು ಹೋಗಬೇಡಿ, ಸಪ್ಪೆ ಅನ್ನಿಸುತ್ತದೆ. ಹವಾಯಿ ಫೋಟೋಗಳಲ್ಲಿ ಕಾಣುವ ದೇವಕಣಗಿಲೆ, ಅನಾನಸು, ಬೋಗನ್‌ವಿಲ್ಲಾ ಎಲ್ಲ ಹೊರಗಿನಿಂದ ಬಂದವು. ದ್ವೀಪದ ಸ್ವಂತ ಗಿಡಗಳು ಅಷ್ಟು ಆಡಂಬರದವಲ್ಲ. ಹತ್ತಿರ ಹೋಗಿ, ನಿಂತು ನೋಡಬೇಕು.

ಮೊದಲು ದಾರಿ ವಿಷಯ. ವಿಮಾನ ಇಳಿಯುವುದು ಲಿಹುಯೆಯಲ್ಲಿ. ತೋಟ ಇರುವುದು ಉತ್ತರ ದಂಡೆಯ ಹಾಯೆನಾದಲ್ಲಿ, ರಸ್ತೆ ಮುಗಿಯುವ ಜಾಗಕ್ಕೆ ಸ್ವಲ್ಪ ಮುಂಚೆ. ದೂರ ಸುಮಾರು 60 ಕಿಲೋಮೀಟರು, ಆದರೂ ಒಂದೂವರೆ ಗಂಟೆ ಬೇಕು. ದಾರಿಯಲ್ಲಿ ಸಿಗುವ ಹನಲೇಯಿ ಊರಿನ ಹತ್ತಿರದಿಂದ ಒಂದೇ ಗಾಡಿ ಹೋಗುವಷ್ಟು ಅಗಲದ ಸೇತುವೆಗಳು ಶುರುವಾಗುತ್ತವೆ. ಒಂದು ಕಡೆಯಿಂದ ಐದಾರು ಗಾಡಿ ದಾಟಿದ ಮೇಲೆ ಎದುರಿನವರಿಗೆ ಬಿಡುವುದು ಅಲ್ಲಿನ ಪದ್ಧತಿ. ಹಾರನ್ ಹೊಡೆಯುವವರಿಲ್ಲ, ನೀವೂ ಹೊಡೆಯಬೇಡಿ! ಜೋರು ಮಳೆ ಬಂದು ಹೊಳೆ ಏರಿದರೆ ಹನಲೇಯಿ ಸೇತುವೆಯನ್ನು ಮುಚ್ಚಿಬಿಡುತ್ತಾರೆ. 2018ರ ಏಪ್ರಿಲ್‌ನಲ್ಲಿ ಪಕ್ಕದ ವಾಯಿಪಾದಲ್ಲಿ 24 ಗಂಟೆಯಲ್ಲಿ 1,262 ಮಿಲಿಮೀಟರ್ ಮಳೆ ಬಿತ್ತು. ಅದು ಅಮೆರಿಕದ ದಾಖಲೆ. ನಮ್ಮ ಆಗುಂಬೆಯವರೂ ಹುಬ್ಬೇರಿಸುವ ಮಳೆ ಅದು. ಹಾಗಾಗಿ ತೋಟದ ಭೇಟಿಯನ್ನು ಪ್ರವಾಸದ ಕೊನೇ ದಿನಕ್ಕೆ ಇಟ್ಟುಕೊಳ್ಳಬೇಡಿ. ಚಳಿಗಾಲದಲ್ಲಿ ಆ ಕಡೆ ಮಳೆ ಜಾಸ್ತಿ, ಬೇಸಿಗೆಯಲ್ಲಿ ವಾಸಿ.

ತೋಟಕ್ಕೆ ಆನ್‌ಲೈನ್‌ನಲ್ಲಿ ಮುಂಗಡ ಬುಕಿಂಗ್ ಬೇಕು. ಗಾಡಿ ನಿಲ್ಲಿಸುವ ಜಾಗ ಚಿಕ್ಕದು. ವಾರದಲ್ಲಿ ರಜೆ ದಿನಗಳೂ ಇವೆ, ನೋಡಿಕೊಂಡು ಬುಕ್ ಮಾಡಿ. ಪಕ್ಕದ ಹಾಯೆನಾ ಸ್ಟೇಟ್ ಪಾರ್ಕ್‌ಗೆ ಬೇರೆಯದೇ ಬುಕಿಂಗ್. ಒಂದರ ಟಿಕೆಟ್ ಇನ್ನೊಂದಕ್ಕೆ ನಡೆಯುವುದಿಲ್ಲ.

ಒಳಗೆ ಹೋದ ತಕ್ಷಣ ಕಾಣುವುದು ಕೆಸುವಿನ ಗದ್ದೆಗಳು. ನಾನು ಜಾಸ್ತಿ ಹೊತ್ತು ಕಳೆದದ್ದು ಇಲ್ಲೇ. ಗುಡ್ಡದ ಇಳಿಜಾರಿನಲ್ಲಿ ಮೆಟ್ಟಿಲು ಮೆಟ್ಟಿಲಾಗಿ ಕಟ್ಟಿದ ಗದ್ದೆ. ಗಾರೆ ಇಲ್ಲ, ಸುಮ್ನೆ ಕಲ್ಲಿನ ಮೇಲೆ ಕಲ್ಲು. ಶತಮಾನಗಳಿಂದ ನಿಂತಿದೆ. ಲಿಮಾಹುಲಿ ಹೊಳೆಯ ನೀರು ಕಾಲುವೆಯಲ್ಲಿ ಬಂದು, ಒಂದು ಗದ್ದೆಯಿಂದ ಇನ್ನೊಂದಕ್ಕೆ ಇಳಿದು, ಮತ್ತೆ ಹೊಳೆಗೇ ಸೇರುತ್ತದೆ. ಬಗ್ಗಿ ನೋಡಿದರೆ ನೀರು ನಿಂತಂತೆ ಕಾಣುತ್ತದೆ. ಎಲೆಯ ಮೇಲಿನಿಂದ ಬಿದ್ದ ಕಸಕಡ್ಡಿ ನಿಧಾನಕ್ಕೆ ಜರುಗುವುದನ್ನು ಕಂಡಾಗಲೇ ಹರಿವು ಗೊತ್ತಾಗುವುದು. ಹಿಂದೆ ಮಕಾನಾ ಬೆಟ್ಟ ಗೋಡೆಯ ಹಾಗೆ ಎದ್ದಿದೆ. ಹಿಂದಿನ ಕಾಲದಲ್ಲಿ ಹಬ್ಬ, ಸಮಾರಂಭಗಳಿಗೆ ಅದರ ತುದಿಯಿಂದ ಹಗುರ ಮರದ ಕೊರಡುಗಳಿಗೆ ಬೆಂಕಿ ಹಚ್ಚಿ ಎಸೆಯುತ್ತಿದ್ದರಂತೆ. ಗಾಳಿ ಅವನ್ನು ಎತ್ತಿಕೊಂಡು ಸಮುದ್ರದ ಕಡೆ ಒಯ್ಯುತ್ತಿತ್ತು.

ಕೆಸುವಿಗೆ ಅಲ್ಲಿನವರು ಕಲೊ ಅನ್ನುತ್ತಾರೆ. ಅವರ ಕಥೆಯಲ್ಲಿ ಕಲೊ ಅಣ್ಣ, ಮನುಷ್ಯ ತಮ್ಮ. ಹುಟ್ಟುವಾಗಲೇ ತೀರಿಹೋದ ಮಗುವನ್ನು ಮಣ್ಣು ಮಾಡಿದ ಜಾಗದಲ್ಲಿ ಮೊದಲ ಕಲೊ ಚಿಗುರಿತಂತೆ. ಮುಂದೆ ಹುಟ್ಟಿದ ಮಗುವಿನಿಂದ ಜನ ಬೆಳೆದರಂತೆ. ಪತ್ರೊಡೆ ತಿಂದು ಬೆಳೆದ ಅಮ್ಮ ಜೊತೆಗಿದ್ದರು. ಎಲೆಗಳನ್ನು ನೋಡಿ, "ತುರಿಸೋದಿಲ್ವಾ ಇದು, ಹುಣಸೆಹಣ್ಣು ಹಾಕ್ತಾರಾ ಕೇಳು" ಅಂದರು. ಕೇಳಿದೆ. ತುರಿಸುತ್ತದೆ, ಆದರೆ ಹುಣಸೆ ಹಾಕುವುದಿಲ್ಲ, ತುಂಬಾ ಹೊತ್ತು ಬೇಯಿಸುತ್ತಾರೆ. ಸಸ್ಯಾಹಾರಿಗಳಿಗೆ ಒಂದು ಸೂಚನೆ: ಈ ಎಲೆಯಲ್ಲಿ ಸುತ್ತಿದ ಲಾವ್‌ಲಾವ್ ಅನ್ನುವ ತಿನಿಸು ಹೋಟೆಲುಗಳಲ್ಲಿ ಸಿಗುತ್ತದೆ, ಒಳಗೆ ಸಾಮಾನ್ಯವಾಗಿ ಹಂದಿಮಾಂಸ ಇರುತ್ತದೆ. ಗಡ್ಡೆಯನ್ನು ಬೇಯಿಸಿ ಜಜ್ಜಿ ಮಾಡುವ ಪೋಯಿ ಮಾತ್ರ ಧೈರ್ಯವಾಗಿ ತಿನ್ನಬಹುದು. ಹುಳಿ ಬಂದ ಪೋಯಿ ಎಲ್ಲರ ನಾಲಿಗೆಗೂ ಒಗ್ಗುವುದಿಲ್ಲ.

ಮುಂದಿನ ಭಾಗದಲ್ಲಿ ಪಾಲಿನೇಷ್ಯದ ಜನ ದೋಣಿಯಲ್ಲಿ ಹೊತ್ತು ತಂದ ಗಿಡಗಳಿವೆ. ಬಾಳೆ, ಕಬ್ಬು, ಅರಿಶಿನ, ತೆಂಗು, ನೋನಿ, ನಮ್ಮ ಕರಾವಳಿಯ ಜೀಗುಜ್ಜೆ. ಅಮ್ಮನಿಗೆ ಹಲಗೆ ಓದುವ ಅಗತ್ಯವೇ ಬೀಳಲಿಲ್ಲ. ಇವು ಮನುಷ್ಯರು ತಂದವು, ದ್ವೀಪದಲ್ಲೇ ವಿಕಾಸವಾದವು ಬೇರೆ. ತೋಟದಲ್ಲಿ ಎರಡನ್ನೂ ಬಿಡಿಸಿ ತೋರಿಸಿದ್ದಾರೆ. ಕೈಪಿಡಿ ಕೊಡುತ್ತಾರೆ, ಓದಿಕೊಂಡು ನಡೆಯಿರಿ. ಇಲ್ಲದಿದ್ದರೆ ಎಲ್ಲವೂ ಬರೀ ಹಸಿರು.

ಸ್ವಂತ ಗಿಡಗಳಲ್ಲಿ ಎರಡನ್ನು ಬಿಡಬೇಡಿ. ಒಂದು, ಬಿಳಿ ದಾಸವಾಳ. ದಾಸವಾಳಕ್ಕೆ ಪರಿಮಳ ಇರುವುದಿಲ್ಲ ಅಲ್ವಾ? ಇದಕ್ಕಿದೆ. ಮೂಗು ಹತ್ತಿರ ಒಯ್ಯಿರಿ, ಕೀಳಬೇಡಿ. ಇನ್ನೊಂದು ಅಲುಲಾ. ದಪ್ಪ ದಿಂಡು, ತುದಿಯಲ್ಲಿ ಎಲೆಕೋಸು ಇಟ್ಟ ಹಾಗೆ ಎಲೆಗಳು. ಇದರ ಪರಾಗ ಒಯ್ಯುತ್ತಿದ್ದ ಪತಂಗ ಅಳಿದುಹೋಗಿದೆ ಅಂತ ತಿಳಿದವರ ಊಹೆ. ಸಸ್ಯತಜ್ಞರು ಅಲ್ಲಿನ 'ನಾ ಪಾಲಿ' ಅನ್ನುವ ದಂಡೆಯ ಕಡಿಬಂಡೆಗಳಲ್ಲಿ ಹಗ್ಗ ಕಟ್ಟಿಕೊಂಡು ಇಳಿದು, ಕೈಯಿಂದಲೇ ಪರಾಗ ಹಚ್ಚಿ ಬೀಜ ಉಳಿಸಿದರು. ಕಾಡಿನಲ್ಲಿ ಈಗ ಇಲ್ಲವೇ ಇಲ್ಲ ಅನ್ನುವ ಸ್ಥಿತಿ. ಯುರೋಪಿನಲ್ಲಿ ಮಾತ್ರ ಕುಂಡದ ಗಿಡವಾಗಿ ಅಂಗಡಿಗಳಲ್ಲಿ ಮಾರುತ್ತಾರೆ. ವಿಚಿತ್ರ, ಆದರೆ ನಿಜ.

ಈ ಜಾಗವನ್ನು 1976ರಲ್ಲಿ ಜೂಲಿಯೆಟ್ ರೈಸ್ ವಿಚ್‌ಮನ್ ದಾನ ಕೊಟ್ಟರು. ಈಗ ನ್ಯಾಷನಲ್ ಟ್ರಾಪಿಕಲ್ ಬೊಟಾನಿಕಲ್ ಗಾರ್ಡನ್ ಅನ್ನುವ ಸಂಸ್ಥೆ ನೋಡಿಕೊಳ್ಳುತ್ತಿದೆ. ಕಣಿವೆಯ ಮೇಲಿನ ದೊಡ್ಡ ಕಾಯ್ದಿಟ್ಟ ಕಾಡಿಗೆ ಪ್ರವಾಸಿಗರಿಗೆ ಪ್ರವೇಶವಿಲ್ಲ.

ನಡೆಯುವ ದಾರಿ ಒಂದು ಸುತ್ತು, ಒಂದು ಕಿಲೋಮೀಟರಿಗಿಂತ ಸ್ವಲ್ಪ ಜಾಸ್ತಿ. ಆದರೆ ಏರು ಇದೆ, ಕಲ್ಲು ಜಾರುತ್ತದೆ. ಚಪ್ಪಲಿ ಬೇಡ, ಹಿಡಿತವಿರುವ ಶೂ ಹಾಕಿ. ಮಂಡಿನೋವಿನವರು ಕೆಳಗಿನ ಗದ್ದೆಗಳನ್ನು ನೋಡಿ ಕೂತರೂ ನಷ್ಟವೇನಿಲ್ಲ. ಸೊಳ್ಳೆ ಎಣ್ಣೆ, ಮಳೆ ಕೋಟು, ನೀರಿನ ಬಾಟಲಿ ಇರಲಿ. ಊಟ ಹನಲೇಯಿಯಲ್ಲೇ ಮುಗಿಸಿಕೊಳ್ಳಿ. ಮೊಬೈಲ್ ಸಿಗ್ನಲ್ ನಂಬಬೇಡಿ, ಟಿಕೆಟ್ ಫೋನಿನಲ್ಲಿ ಮೊದಲೇ ಸೇವ್ ಮಾಡಿಡಿ.

ಬೇರೆ ಕಾಡಿನಲ್ಲಿ ಓಡಾಡಿ ಬಂದಿದ್ದರೆ ಶೂ ತಿಕ್ಕಿ ತೊಳೆದು ಹೋಗಿ. ಹವಾಯಿಯ ಸ್ವಂತ ಮರವಾದ ಓಹಿಯಾವನ್ನು ಕೊಲ್ಲುವ ಶಿಲೀಂಧ್ರ ಮಣ್ಣಿನ ಜೊತೆ ಹರಡುತ್ತದೆ. ಅಮೆರಿಕದ ಮುಖ್ಯಭೂಮಿಗೆ ವಾಪಸಾಗುವಾಗ ವಿಮಾನ ನಿಲ್ದಾಣದಲ್ಲಿ ಕೃಷಿ ತಪಾಸಣೆ ಇದೆ, ಬ್ಯಾಗು ಸ್ಕ್ಯಾನ್ ಮಾಡುತ್ತಾರೆ. ಬೀಜ, ಬಳ್ಳಿ, ಮಣ್ಣಿರುವ ಗಡ್ಡೆ ಯಾವುದನ್ನೂ ಒಳಗೆ ತುರುಕಿಕೊಳ್ಳಬೇಡಿ. ಕೆಸುವಿನ ಗಡ್ಡೆ ನೆಡಲೇಬೇಕೆಂಬ ಆಸೆ ಇದ್ದರೆ ನಿಮ್ಮೂರ ಇಂಡಿಯನ್ ಅಂಗಡಿಯಲ್ಲೇ ಕೊಂಡುಕೊಳ್ಳಿ.